ಹೊಟ್ಟೆಯ ಮೇಲಿನ ತಂಬಿಗೆ ಗುರುತು

ನಾರಾಯಣಖೇಡದ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಗೆ ಆತ ಸೊಂಟ ಬಗ್ಗಿಸಿಕೊಂಡೇ ಬಂದ. ಹೆಗಲ ಮೇಲೆ ಕಂಬಳಿ, ಬಲಗೈ ಪಕ್ಕೆಯ ಮೇಲೆ. ಬಲಗಾಲನ್ನು ಪೂರ್ತಿ ಊರದೆ ಬೆರಳ ತುದಿಯಲ್ಲಿ ಹಗುರವಾಗಿ ಇಟ್ಟು ನಡೆಯುತ್ತಿದ್ದ. ನಲವತ್ತರ ಆಸುಪಾಸಿನ ಒಣಕಲು ಆಳು, ಕುರಿ ಕಾಯುವವನೆಂದು ನೋಡಿದರೇ ಗೊತ್ತಾಗುತ್ತಿತ್ತು. ಹಿಂದೆಯೇ ಬಂದ ಅವನ ಹೆಂಡತಿ ಹೊರಗಿನ ಡ್ಯೂಟಿ ಡಾಕ್ಟರು ಕೊಟ್ಟ ಚೀಟಿಯನ್ನು ನನ್ನ ಕೈಗಿಟ್ಟಳು. ಬಲಭಾಗದ ಹೊಟ್ಟೆನೋವು, ಕಿಡ್ನಿ ಸ್ಟೋನ್ ಇದೆಯೇ ನೋಡಿ ಎಂದು ಬರೆದಿತ್ತು.

"ಯಾವೂರ್ರಿ?"

"ನಾಗಲಗಿದ್ದ ಬಾಜೂಕ್ರೀ," ಎಂದ ಆತ. "ಜರಾ ಜಲ್ದಿ ನೋಡಿ ಬಿಡ್ರಿ ಮೇಡಂ. ನಾಳಿಗಿ ಕುರಿ ಹೊಂಟಾವ."

"ಕುರಿ ಹೊಂಟ್ರ ಹೋಗ್ಲಿ. ನೀವ್ ಮೊದ್ಲ ಮಕ್ಕೋರಿ."

ನನಗೆ ಸಿಟ್ಟು ಮೂಗಿನ ಮೇಲೆಯೇ ಇರುತ್ತದೆ. ಸ್ಕ್ಯಾನಿಂಗ್ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಸಿದ ಹಾಗೆ ಎಂದುಕೊಂಡು ಬರುವವರನ್ನು ಕಂಡರೆ ಅದು ಮೂಗಿನಿಂದ ನಾಲಿಗೆಗೂ ಇಳಿಯುತ್ತದೆ. ವಾರಕ್ಕೆ ಎರಡು ದಿನ ನಾರಾಯಣಖೇಡ, ಶನಿವಾರ ತಾಂಡೂರು, ಉಳಿದ ದಿನ ನಮ್ಮೂರು ಜಹೀರಾಬಾದ್, ಹೀಗೆ ಮೂರು ಊರುಗಳ ಹೊಟ್ಟೆ ನೋಡುವುದು ನನ್ನ ಕೆಲಸ. ಮೂರೂ ಕಡೆ ಜನ ನನ್ನನ್ನು ಕರೆಯುವುದು ಫೋಟೋ ಮೇಡಂ ಎಂದೇ.

ಆದರೆ ಕುರಿ ಹೊರಡುವುದು ಎಂದರೆ ಏನೆಂದು ನನಗೆ ಗೊತ್ತಿತ್ತು. ತೊಗರಿ ಕೊಯ್ಲು ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬಿ ನಿಲ್ಲಿಸಲು ಇವರು ತಾಂಡೂರಿನ ಕಡೆಗೆ ನಡೆದುಕೊಂಡು ಹೋಗುತ್ತಾರೆ. ಹೊಲದಿಂದ ಹೊಲಕ್ಕೆ, ಬಯಲಲ್ಲೇ ವಸ್ತಿ. ಅಂಥ ಕಡೆ ಹೊಟ್ಟೆಯಲ್ಲಿ ಏನಾದರೂ ಒಡೆದರೆ ಆಸ್ಪತ್ರೆ ಸೇರುವಷ್ಟರಲ್ಲಿ ಕತೆ ಮುಗಿದಿರುತ್ತದೆ. ನಾನು ಏನು ಹೇಳುತ್ತೇನೋ ಅದರ ಮೇಲೆ ಆತ ನಾಳೆ ನಡೆಯುವನೋ ನಿಲ್ಲುವನೋ ಎಂಬುದಿತ್ತು.

ಅಂಗಿ ಮೇಲೆತ್ತಿದರೆ ಹೊಟ್ಟೆಯ ತುಂಬ ಎಣ್ಣೆ, ಅದರ ಮೇಲೆ ದಪ್ಪಗೆ ಅರಿಶಿನ, ಅದೂ ಒಣಗಿ ಹಕ್ಕಳೆ ಎದ್ದಿದೆ.

"ಇದೇನ್ರಿ, ಹೋಳಿ ಆಡಿ ಬಂದೀರೇನು?"

ಹೆಂಡತಿ ನಾಚಿಕೊಂಡಳು. "ಬಟ್ಟಿ ಸರದಿತ್ರಿ. ಊರಾಗ ಬಟ್ಟಿ ತಿಕ್ಕೋ ಮುದುಕಿ ಆಯಿ ಕಡಿಂದ ತಿಕ್ಕಿಸೀವಿ."

ನಮ್ಮ ಕಡೆ ಹೊಕ್ಕುಳ ಸುತ್ತ ನೋವು ಬಂದರೆ ಬಟ್ಟಿ ಸರಿದಿದೆ ಎನ್ನುತ್ತಾರೆ. ಹೊಕ್ಕುಳ ಕೆಳಗೆ ಬಟ್ಟಿ ಎಂಬುದೊಂದು ಇದೆ, ಭಾರ ಎತ್ತಿದರೆ ಅದು ಜಾಗ ಬಿಟ್ಟು ಜಾರುತ್ತದೆ, ತಿಕ್ಕಿ ಮತ್ತೆ ಕೂರಿಸಬೇಕು ಎಂಬ ನಂಬಿಕೆ. ತಿಕ್ಕಿದರೂ ಹೋಗದಿದ್ದರೆ ಹೊಕ್ಕುಳ ಮೇಲೆ ಸಣ್ಣ ದೀಪ ಹಚ್ಚಿಟ್ಟು ತಂಬಿಗೆ ಬೋರಲು ಹಾಕುತ್ತಾರೆ. ದೀಪ ಆರಿ ತಂಬಿಗೆ ಚರ್ಮವನ್ನು ಕಚ್ಚಿ ಹಿಡಿಯುತ್ತದೆ. ಚಿಕ್ಕಂದಿನಲ್ಲಿ ನನಗೂ ಹಾಕಿಸಿದ್ದರು. ತಂಬಿಗೆ ಬಿಡಿಸುವಾಗ ಪಟ್ ಎನ್ನುವ ಸದ್ದಿಗೆ ನಾನು ನಕ್ಕುಬಿಟ್ಟಿದ್ದೆ, ಮನೆಯವರು ಬಟ್ಟಿ ಕೂತಿತು ಎಂದಿದ್ದರು.

ಸಿಸ್ಟರ್ ಕೈಗೆ ಸಿಕ್ಕ ಬಟ್ಟೆಯಲ್ಲಿ ಅಷ್ಟಿಷ್ಟು ಒರೆಸಿದಳು. ಕೋಣೆಯ ದೀಪ ಆರಿಸಿ, ಜೆಲ್ ಹಚ್ಚಿ, ಹೊಟ್ಟೆಯ ಮೇಲೆ ಆಡಿಸುವ ದೊಡ್ಡ ಪ್ರೋಬಿನಿಂದ ಶುರು ಮಾಡಿದೆ. ಲಿವರ್ ಚೆನ್ನಾಗಿದೆ. ಪಿತ್ತಕೋಶ ಚೆನ್ನಾಗಿದೆ. ಬಲ ಕಿಡ್ನಿಗೆ ಬಂದಾಗ ಕೆಳಭಾಗದಲ್ಲಿ ಬೆಳ್ಳಗೆ ಹೊಳೆಯುವ ಒಂದು ಚುಕ್ಕೆ, ಅದರ ಹಿಂದೆ ಕಪ್ಪು ನೆರಳು. ಸಣ್ಣ ಹರಳು.

"ಸಿಕ್ತಲ್ರಿ ಮೇಡಂ," ಎಂದಳು ಸಿಸ್ಟರ್. ಹೊರಗೆ ಬೆಂಚಿನ ತುಂಬ ಜನ ಕೂತಿದ್ದರು, ಅವಳ ಅವಸರ ಅವಳಿಗೆ.

"ಸ್ಟೋನ್ ಏನ್ರಿ?" ಹೆಂಡತಿಯ ಮುಖ ಅರಳಿತು. "ನಮ್ ಭಾವನೂ ಹಂಗೇ ಅಂದಿದ್ರು. ಬಾರ್ಲಿ ನೀರ್ ಕುಡದ್ರ ಹೋಗ್ತದಲ್ರಿ?"

ಆ ಗಳಿಗೆಯಲ್ಲಿ ಎಲ್ಲರಿಗೂ ಬೇಕಾದ ಉತ್ತರ ಸಿಕ್ಕಿಬಿಟ್ಟಿತ್ತು. ಕೇಳಿದ್ದು ಸ್ಟೋನ್, ಸಿಕ್ಕಿದ್ದು ಸ್ಟೋನ್. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಹರಳು ಕಿಡ್ನಿಯ ಮೂಲೆಯಲ್ಲಿ ತನ್ನ ಪಾಡಿಗೆ ಕೂತಿತ್ತು. ಕಿಡ್ನಿ ಊದಿಲ್ಲ, ಮೂತ್ರನಾಳ ಹಿಗ್ಗಿಲ್ಲ. ಹರಳು ನಾಳಕ್ಕೆ ಇಳಿದು ನೋಯಿಸಿದರೆ ಮನುಷ್ಯ ಮಂಚದ ಮೇಲೆ ಒಂದು ಕಡೆ ನಿಲ್ಲುವುದಿಲ್ಲ, ಹೊರಳಾಡುತ್ತಾನೆ. ಈತ ಉಸಿರನ್ನೂ ಅಳೆದು ಬಿಡುವವನ ಹಾಗೆ ಅಲ್ಲಾಡದೆ ಮಲಗಿದ್ದ. ಸಿಸ್ಟರ್ ಮಂಚಕ್ಕೆ ಮೊಣಕಾಲು ತಾಗಿಸಿದರೂ ಹಲ್ಲು ಕಚ್ಚುತ್ತಿದ್ದ.

"ವಾಂತಿ ಆಗ್ಯದೇನ್ರಿ?"

"ಒಮ್ಮೆ ಆಗ್ಯದ್ರಿ. ರೊಟ್ಟಿ ನೋಡಿದ್ರ ಹೇಸಿಕಿ ಬರ್ತದ."

ಮೈ ಮುಟ್ಟಿದೆ, ಬೆಚ್ಚಗಿತ್ತು. ಅಪೆಂಡಿಕ್ಸ್ ನೋಡದೆ ಈತನನ್ನು ಬಿಡಬಾರದು ಎಂದುಕೊಂಡು ಚಪ್ಪಟೆ ಮುಖದ ಸಣ್ಣ ಪ್ರೋಬ್ ತೆಗೆದುಕೊಂಡೆ.

ದೊಡ್ಡವರ ಹೊಟ್ಟೆಯಲ್ಲಿ ಅಪೆಂಡಿಕ್ಸ್ ಹುಡುಕುವುದು ತಾಳ್ಮೆಯ ಕೆಲಸ, ನನಗೆ ಅದೇ ಇಲ್ಲ. ಕರುಳಿನ ಗಾಳಿ ಧ್ವನಿಯ ಅಲೆಗಳನ್ನು ಅಲ್ಲೇ ತಡೆದುಬಿಡುತ್ತದೆ, ಹಿಂದಿರುವುದೆಲ್ಲ ಮಂಜು. ಹಾಗಾಗಿ ಪ್ರೋಬನ್ನು ಹಗುರವಾಗಿ ಇಟ್ಟು, ಆತ ಉಸಿರು ಬಿಟ್ಟಾಗೊಮ್ಮೆ ಇಷ್ಟಿಷ್ಟೇ ಒತ್ತುತ್ತ ಹೋಗಬೇಕು. ಗಾಳಿ ಪಕ್ಕಕ್ಕೆ ಸರಿಯುತ್ತದೆ, ಕರುಳು ಚಪ್ಪಟೆಯಾಗುತ್ತದೆ, ಆಗ ಆಳದಲ್ಲಿ ಸೊಂಟದ ಸ್ನಾಯು ಮತ್ತು ಕಾಲಿಗೆ ಹೋಗುವ ದೊಡ್ಡ ರಕ್ತನಾಳ ಕಾಣಿಸುತ್ತವೆ. ಆ ಎರಡನ್ನು ಹಿಡಿದುಕೊಂಡರೆ ದಾರಿ ತಪ್ಪುವುದಿಲ್ಲ. ದೊಡ್ಡಕರುಳಿನ ಬುಡ, ಅದಕ್ಕೆ ಸೇರುವ ಸಣ್ಣಕರುಳಿನ ತುದಿ, ಅಲ್ಲಿಂದ ಹೊರಟ ಬೆರಳಿನಂಥ ಒಂದು ಕೊಳವೆ. ಒಂದು ತುದಿ ಮುಚ್ಚಿರಬೇಕು, ಕರುಳಿನಂತೆ ತಾನಾಗಿ ಹೊರಳಬಾರದು. ಒತ್ತಿದಾಗ ಮೆತ್ತಗೆ ಅಮುಕಿಕೊಂಡರೆ ಸರಿ. ಅಮುಕದೆ ಆರು ಮಿಲಿಮೀಟರಿಗಿಂತ ದಪ್ಪ ನಿಂತರೆ ಅದು ಬಾತಿದೆ.

ಸ್ನಾಯು ಕಂಡಿತು. ರಕ್ತನಾಳ ಕಂಡಿತು. ಸಣ್ಣಕರುಳಿನ ತುದಿಯೂ ಕಂಡಿತು. ಅಪೆಂಡಿಕ್ಸ್ ಇಲ್ಲ. ಮೇಲಿನಿಂದ ಬಂದೆ, ಕೆಳಗಿನಿಂದ ಬಂದೆ. ಮೂತ್ರ ಮಾಡಿಸಿ ಕರೆತಂದು ಮತ್ತೆ ನೋಡಿದೆ. ದೊಡ್ಡಕರುಳಿನ ಬುಡದಲ್ಲಿ ಗಾಳಿ ತುಂಬಿಕೊಂಡು ಪರದೆ ಹಾಕಿದಂತಿತ್ತು. ಬೆವರಿದ್ದು ಆತನಲ್ಲ, ನಾನು.

ಜಹೀರಾಬಾದಿನಲ್ಲಿರುವ ಸರ್ಜನ್‌ಗೆ ಫೋನ್ ಮಾಡಿದೆ. ನನಗಿಂತ ಚಿಕ್ಕವನು, ಕೈ ಚುರುಕು, ಮಾತು ಇನ್ನೂ ಚುರುಕು.

"ಅಕ್ಕಾ, ನನಗ ಹೌದೋ ಅಲ್ಲೋ ಹೇಳ್ರಿ. ಅರಿವಳಿಕಿ ಡಾಕ್ಟರು ಮಧ್ಯಾಹ್ನ ಆದ್ಮ್ಯಾಲ ಹೈದರಾಬಾದಿಗಿ ಹೊಂಟಾರ. ಹೌದಂದ್ರ ನಿಲ್ಲಸ್ಕೋತೀನಿ. ಸುಮ್ನ ಅನುಮಾನದ ಮ್ಯಾಲ ನಿಲ್ಲಸ್ಲಿಕ್ಕ ಆಗಲ್ಲ."

"ಇನ್ನೂ ಕಾಣ್ಸವಲ್ದು."

"ಹಂಗಾದ್ರ ಸಿ.ಟಿ. ಮಾಡಸ್ರಿ."

ನಾನಿದ್ದ ಆಸ್ಪತ್ರೆಯಲ್ಲಿ ಸಿ.ಟಿ. ಇಲ್ಲ. ಅದಕ್ಕೆ ಬೇರೆ ಊರಿಗೆ ಕಳಿಸಬೇಕು, ನಾಳೆ ಕುರಿ ಹೊರಡುವ ಮನುಷ್ಯ ಇವತ್ತು ಸಿ.ಟಿ.ಗೆ ಹೋಗುವುದು ಕನಸಿನ ಮಾತು. ಯೋಚಿಸುತ್ತ ಫೋನ್ ಕೆಳಗಿಟ್ಟು ತಿರುಗಿದರೆ ಹೆಂಡತಿ ಆಗಲೇ ಕಂಬಳಿ ಮಡಚುತ್ತಿದ್ದಳು.

"ಎಲ್ಲಿ ಹೊಂಟೀರಿ?"

"ಕಾಣ್ಸವಲ್ದು ಅಂದ್ರಲ್ರಿ ನೀವು. ಏನೂ ಇಲ್ಲಂದ್ರ ಆತಲ್ರಿ, ದೇವ್ರು ದೊಡ್ಡಾಂವ."

ನಾನು ದಂಗಾದೆ. ನನಗೆ ಕಾಣಿಸುತ್ತಿಲ್ಲ ಎಂದರೆ ನಾನಿನ್ನೂ ಹುಡುಕುತ್ತಿದ್ದೇನೆ ಎಂದರ್ಥ. ಅವಳಿಗೆ ಅದು ಇಲ್ಲ ಎಂಬ ತೀರ್ಪು. ಕುರಿ ಕಾಣಿಸದಿದ್ದರೆ ಕುರಿಯೇ ಇಲ್ಲ ಅಂತೀರಾ ಎಂದು ಕೇಳಬೇಕೆನಿಸಿತು, ಅಷ್ಟರಲ್ಲಿ ಆತ ಮೊಣಕೈ ಊರಿ ಎದ್ದ.

"ಈಗ ಜರಾ ಹಗುರ ಅನಸ್ತದ್ರಿ ಮೇಡಂ. ಹೋಗ್ತೀನಿ."

ನನಗೆ ನಿಜವಾಗಿ ಭಯವಾಗಿದ್ದು ಆಗ. ಬಾತ ಅಪೆಂಡಿಕ್ಸ್ ಒಡೆದಾಗಲೂ ಹೀಗೆಯೇ ಒಮ್ಮೆ ಹಗುರವಾಗುತ್ತದೆ. ಬಿಗಿದದ್ದು ಸಡಿಲವಾಗಿ ಮನುಷ್ಯ ಸ್ವಲ್ಪ ಹೊತ್ತು ನಗುತ್ತಾನೆ, ಆಮೇಲೆ ಕೀವು ಹೊಟ್ಟೆಯ ತುಂಬ ಹರಡುತ್ತದೆ. ಈತನಿಗೆ ಹಗುರವಾಗಿದ್ದು ಒಡೆದಿದ್ದಕ್ಕೋ, ಮನೆಗೆ ಹೋಗುವ ಆಸೆಗೋ ನನಗೆ ತಿಳಿಯಲಿಲ್ಲ.

ಕಿಡ್ನಿಯಲ್ಲಿ ಸಣ್ಣ ಹರಳು, ಅಪೆಂಡಿಕ್ಸ್ ಕಾಣಿಸಲಿಲ್ಲ ಎಂದು ಎರಡು ಸಾಲು ಬರೆದು ಸಹಿ ಹಾಕಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಎರಡೂ ಸತ್ಯವೇ. ಆ ಸತ್ಯ ಹಿಡಿದುಕೊಂಡು ಆತ ತಾಂಡೂರಿನ ಬಯಲಿಗೆ ಹೋಗುತ್ತಿದ್ದ.

"ಸಿಸ್ಟರ್, ಲೈಟ್ ಹಾಕು," ಎಂದೆ. "ಬಿಸಿನೀರು, ಸೋಪು ತಾ. ಈ ಅರಿಶಿನದ ಹಕ್ಕಳಿ ಪ್ರೋಬ್ ಕೂಡಗೊಡವಲ್ದು, ಹೊಟ್ಟಿ ಪೂರಾ ತೊಳೀಬೇಕು. ಹೊರಗಿನವರಿಗೆ ಕಾಯಾಕ ಹೇಳು."

"ಮೇಡಂ, ಲೈನ್..."

"ಲೈನ್ ಎಲ್ಲೂ ಓಡಿ ಹೋಗಲ್ಲ."

ಕೆಲಸ ಮಾಡುವುದೆಲ್ಲ ಕತ್ತಲೆಯಲ್ಲಿ, ಪರದೆ ನೋಡುತ್ತ. ಚರ್ಮವನ್ನು ನಾವು ನೋಡುವುದೇ ಕಮ್ಮಿ. ಅರಿಶಿನ ಹೋದ ಮೇಲೆ ಬೆಳಕಿನಲ್ಲಿ ಹೊಕ್ಕುಳ ಸುತ್ತ ಒಂದು ದುಂಡನೆಯ ಕೆಂಪು ಗುರುತು ಕಂಡಿತು. ತಂಬಿಗೆ ಬಾಯಿಯ ಗುರುತು. ಅದಕ್ಕಿಂತ ಕೆಳಗೆ, ಬಲಕ್ಕೆ, ಇನ್ನೊಂದು.

"ಎರಡ್ ಸಲ ಹಾಕ್ಯಾರೇನ್ರಿ?"

"ಮೊದ್ಲು ಬೊಂಬ್ಲಿ ಸುತ್ತಾನೇ ಬ್ಯಾನಿ ಇತ್ರಿ," ಎಂದಳು ಹೆಂಡತಿ, ಹೊಕ್ಕುಳ ತೋರಿಸುತ್ತ. "ಆಯಿ ಅಲ್ಲಿ ಹಾಕಿದಳು. ರಾತ್ರಿ ಕಳದ್ ಮುಂಜಾನಿಗಿ ಬಟ್ಟಿ ಬಲಕ್ ಸರೀತು. ಅಲ್ಲಿ ಹಾಕಿದಳು. ಅಲ್ಲೂ ನಿಂದರಲಿಲ್ಲ."

"ಆಮ್ಯಾಲ?"

"ಹಿಂದಕ್ ಓಡ್ತು," ಎಂದ ಆತ, ತನ್ನ ಬಟ್ಟಿಯ ತುಂಟತನಕ್ಕೆ ತಾನೇ ಬೇಸತ್ತವನ ಹಾಗೆ.

ಹಿಡಿದು ಎಡಮಗ್ಗುಲಿಗೆ ತಿರುಗಿಸಿದೆವು. ಬಲಪಕ್ಕೆಯ ಕೆಳಗೆ, ಸೊಂಟದ ಮೂಳೆಗಿಂತ ಮೇಲೆ, ಬೆನ್ನಿನ ಕಡೆಗೆ ವಾಲಿದಂತೆ ಮೂರನೆಯ ಗುರುತಿತ್ತು. ಮೂರರಲ್ಲಿ ಅದೇ ಹೊಸದು, ಅದೇ ಹೆಚ್ಚು ಕೆಂಪು.

ಹೊಕ್ಕುಳ ಸುತ್ತ ಹುಟ್ಟಿ ಬಲಕ್ಕೆ ಇಳಿಯುವ ನೋವೆಂದರೆ ಅಪೆಂಡಿಕ್ಸ್ ಎಂದು ವೈದ್ಯಕೀಯ ಓದುವ ಮಕ್ಕಳೆಲ್ಲ ಬಾಯಿಪಾಠ ಮಾಡುತ್ತಾರೆ. ನಾನು ವಾಂತಿ ಕೇಳಿದ್ದೆ. ನೋವು ಎಲ್ಲಿ ಶುರುವಾಯಿತು ಎಂದು ಕೇಳಿರಲಿಲ್ಲ. ಹೆಂಡತಿ ಬಟ್ಟಿ ಸರಿದಿತ್ತು ಎಂದಾಗ ನಾನು ಬಟ್ಟಿಯನ್ನು ಕೇಳಿಸಿಕೊಂಡು ಮೂಗು ಮುರಿದೆ, ಸರಿಯಿತು ಎಂಬುದನ್ನು ಬಿಟ್ಟೆ. ಆಯಿಗೆ ಒಳಗೇನಿದೆ ಎಂಬುದು ಗೊತ್ತಿರಲಿಲ್ಲ. ಆದರೆ ಆತ ಎಲ್ಲಿ ನೋಯುತ್ತದೆ ಎಂದನೋ ಅಲ್ಲಿಗೆ ಅವಳ ತಂಬಿಗೆ ಹೋಗಿತ್ತು. ಮೂರನೆಯದು ಪಕ್ಕೆಗೆ ಹೋಗಿದೆ ಎಂದರೆ ಅಪೆಂಡಿಕ್ಸ್ ದೊಡ್ಡಕರುಳಿನ ಹಿಂದೆ ಅಡಗಿ ಮೇಲ್ಮುಖವಾಗಿರಬೇಕು. ಬಲಗಾಲು ಊರದ ಆ ನಡಿಗೆಯೂ ಆಗ ಅರ್ಥವಾಯಿತು. ಬಾತದ್ದು ಸೊಂಟದ ಸ್ನಾಯುವಿಗೆ ಒರಗಿದ್ದರೆ ಕಾಲು ಚಾಚಲು ಆಗುವುದಿಲ್ಲ.

"ಲೈಟ್ ಆರ್ಸು."

ಎಡಮಗ್ಗುಲಲ್ಲೇ ಇರಿಸಿ, ಪ್ರೋಬನ್ನು ಮೂರನೆಯ ಗುರುತಿನ ಮೇಲಿಟ್ಟೆ. ಎಡಗೈಯನ್ನು ಬೆನ್ನಿನ ಹಿಂದೆ ಹಾಕಿ ಮುಂದಕ್ಕೆ ನೂಕಿದೆ, ಬಲಗೈಯಿಂದ ಮೆಲ್ಲಗೆ ಒತ್ತಿದೆ. ಗಾಳಿ ಮುಂದಿತ್ತು, ನಾನು ಪಕ್ಕದಿಂದ ಬರುತ್ತಿದ್ದೆ. ಮೊದಲು ಕಿಡ್ನಿಯ ಕೆಳತುದಿ, ಆಮೇಲೆ ಸ್ನಾಯು. ಇನ್ನೊಂದಿಷ್ಟು ಒಳಕ್ಕೆ ಓರೆ ಮಾಡಿದಾಗ ಬೆಳ್ಳಗೆ ಬಾತ ಕೊಬ್ಬಿನ ನಡುವೆ ಕಪ್ಪಗೆ ಒಂದು ಕೊಳವೆ ತೆರೆದುಕೊಂಡಿತು.

ಒತ್ತಿದೆ, ಅಮುಕಲಿಲ್ಲ. ಆತ ತಟ್ಟನೆ ನನ್ನ ಮಣಿಕಟ್ಟು ಹಿಡಿದ.

"ಅದೇ ಅದ್ರಿ. ಅಲ್ಲೇ ಅದ."

"ಬಿಡ್ರಿ ಕೈ, ಜರಾ ತಡಕೋರಿ."

ಅಳೆದೆ. ಹನ್ನೊಂದು ಮಿಲಿಮೀಟರ್. ಬುಡದಿಂದ ಹಿಡಿದು ಮೇಲಕ್ಕೆ ಹೋದರೆ ತುದಿ ಲಿವರಿನ ಹತ್ತಿರ ಮುಚ್ಚಿಕೊಂಡಿತ್ತು. ಒಳಗೆ ನಡುವೆ ಗಟ್ಟಿಯಾದ ಒಂದು ಚೂರು ಸಿಕ್ಕಿಕೊಂಡು ನೆರಳು ಬೀಳಿಸುತ್ತಿತ್ತು. ಯಂತ್ರದ ಬಣ್ಣದ ಗುಂಡಿ ಒತ್ತಿ ರಕ್ತದ ಓಟ ನೋಡಿದೆ. ಬುಡದ ಗೋಡೆಯಲ್ಲಿ ಕೆಂಪು ನೀಲಿ ಮಿನುಗಿತು, ತುದಿಯಲ್ಲಿ ಏನೂ ಮಿನುಗಲಿಲ್ಲ. ತುದಿ ಸಾಯುತ್ತಿದೆ. ಸುತ್ತ ತೆಳ್ಳಗೆ ನೀರು, ಆದರೆ ಗೋಡೆ ಇನ್ನೂ ಹರಿದಂತೆ ಕಾಣಲಿಲ್ಲ.

ಸರ್ಜನ್‌ಗೆ ಒಂದೇ ಮಾತು ಹೇಳಿದೆ. "ಹೌದು."

"ಪಕ್ಕಾ?"

"ಪಕ್ಕಾ. ಮುಂದ ಹುಡಕಬ್ಯಾಡ. ದೊಡ್ಡಕರಳಿನ ಹಿಂದ ಅದ, ತುದಿ ಮ್ಯಾಲ. ಒಡೀಲಿಕ್ಕ ಬಂದದ."

"ಕಳಸ್ರಿ ಅಕ್ಕಾ. ಅವ್ರಿಗಿ ನಿಲ್ಲಸ್ತೀನಿ."

ಆದರೆ ರೋಗಿ ಒಪ್ಪಬೇಕಲ್ಲ. ಆತ ಮುಖ ತಿರುಗಿಸಿದ. "ಹೊಟ್ಟಿ ಕೊಯ್ಯೂದಾದ್ರ ನಾ ಒಲ್ಲೆ. ಅಣ್ಣ ಒಬ್ಬಾಂವ ಅಷ್ಟ್ ಕುರಿ ಹ್ಯಾಂಗ ಒಯ್ತಾನ?"

ಹೆಂಡತಿ ನನ್ನನ್ನೇ ನೋಡಿದಳು. "ಆಗಲೇ ಇಲ್ಲಂದ್ರಿ, ಈಗ ಅದ ಅಂತೀರಿ. ನಾ ಹ್ಯಾಂಗ ನಂಬಲಿ?"

ಕೇಳುವ ಹಕ್ಕು ಅವಳಿಗಿತ್ತು. ಅವಳನ್ನು ಪರದೆಯ ಮುಂದೆ ಕೂರಿಸಿ ಪ್ರೋಬನ್ನು ಮತ್ತೆ ಇಟ್ಟೆ. "ಇಲ್ಲಿ ನೋಡ್ರಿ, ಇದು ಕರಳು. ಹುಳದಂಗ ಹೊರಳತದ, ಕಂಡ್ತೇನು? ನಾ ಒತ್ತಿದ್ರ ಚಪ್ಪಟಿ ಆಗ್ತದ. ಈಗ ಇದನ್ನ ನೋಡ್ರಿ. ಹೊರಳವಲ್ದು. ಒತ್ತಿದ್ರೂ ಬಗ್ಗವಲ್ದು. ಇದು ಒಡದ್ರ ಹೊಟ್ಟಿ ತುಂಬ ಕೀವ್ ಆಗ್ತದ. ತಾಂಡೂರ್ ದಾರ್ಯಾಗ ಒಡದ್ರ ಇವ್ರು ಉಳಿಯಂಗಿಲ್ರಿ."

ಅವಳು ಪರದೆಯ ಹತ್ತಿರ ಬಗ್ಗಿ ಎರಡನ್ನೂ ನೋಡಿದಳು. ಆಮೇಲೆ ಕಂಬಳಿಯನ್ನು ಗಂಡನ ಮೈಮೇಲೆ ಹೊದಿಸಿದಳು. "ಕುರಿ ಭಾವ ಒಯ್ಲಿ. ಬೀಗರ ಹಿಂಡಿನ ಜೊತಿ ಕೂಡಸ್ಲಿ. ನೀ ಸುಮ್ನ ಗಾಡಿ ಹತ್ತು."

"ನಿನಗೇನ್ ತಿಳೀತದ?"

"ಕಂಡ್ತಲ್ಲ ನನಗ. ಹತ್ತಂದ್ರ ಹತ್ತು."

ಆಸ್ಪತ್ರೆಯ ಗಾಡಿಯಲ್ಲಿ ಜಹೀರಾಬಾದಿಗೆ ಹೊರಡುವಾಗ ನಾನು ಅವಳ ಮೇಲೆ ರೇಗಿದೆ. ರೇಗಬೇಕಾಗಿದ್ದುದು ಆಯಿಯ ಮೇಲೆ, ಎದುರಿಗೆ ಸಿಕ್ಕವಳು ಇವಳು. ಬಾತದ್ದನ್ನು ತಿಕ್ಕಿ, ತಂಬಿಗೆ ಹಾಕಿ ಎಳೆದು, ಅಲ್ಲೇ ಒಡೆದಿದ್ದರೆ ಎಂದು ನೆನೆದರೆ ನನಗೆ ಈಗಲೂ ಭಯವಾಗುತ್ತದೆ. "ಆ ಆಯಿಗಿ ಹೇಳ್ರಿ. ಬ್ಯಾನಿ ಬಲಕ್ ಸರೀತಂದ್ರ ಅದು ಬಟ್ಟಿ ಅಲ್ಲ. ಕೈ ಹಚ್ಚಬ್ಯಾಡ ಅನ್ರಿ. ನೆಟ್ಟಗ ಇಲ್ಲಿಗಿ ಕಳಸ್ಲಿ."

"ಹೇಳ್ತೀನ್ರಿ," ಎಂದವಳು ಗಾಡಿ ಹತ್ತಿದಳು.

ಉಳಿದವರ ಹೊಟ್ಟೆಗಳನ್ನು ನೋಡುತ್ತ ಕೂತೆ, ಕಣ್ಣು ಫೋನಿನ ಮೇಲೆ. ಗಾಡಿ ನಡುದಾರಿಯ ರಾಯಿಕೋಡ್ ದಾಟಿತು ಎಂದು ಡ್ರೈವರ್ ತಿಳಿಸಿದ. ಆಮೇಲೆ ಸುದ್ದಿಯಿಲ್ಲ. ನಾನು ಹೌದು ಎಂದಿದ್ದೆ, ಹೊಟ್ಟೆ ತೆರೆದಾಗ ಅಲ್ಲಿ ಏನೂ ಇರದಿದ್ದರೆ ಎಂಬ ಅಳುಕು ಬೇರೆ. ಕೊನೆಗೆ ಸರ್ಜನ್ ಫೋನ್ ಬಂತು.

"ಅಕ್ಕಾ, ನೀವ್ ಹೇಳಿದ್ ಜಾಗದಾಗೇ ಇತ್ತು. ತುದಿ ಪೂರಾ ಕರ್ರಗ. ಮುಟ್ಟಿದ್ರ ಹರೀತಿತ್ತು. ಹರೀಲಾರ್ದಂಗ ತೆಗದೀವಿ."

ಸಿಸ್ಟರ್‌ಗೆ ಹೇಳಿ ಚಹಾ ತರಿಸಿದೆ. ಎಂದೂ ಸಕ್ಕರೆ ಹಾಕಿಸದ ನಾನು ಅವತ್ತು ಹಾಕಿಸಿದೆ, ಅವಳು ನಕ್ಕಳು.

ಆ ಶನಿವಾರ ತಾಂಡೂರಿನ ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ ಕೋಲು ಹಿಡಿದ ಹಿರಿಯನೊಬ್ಬ ನಿಂತಿದ್ದ. ಮೈಗೆಲ್ಲ ಕುರಿಯ ವಾಸನೆ. ಆತನ ಅಣ್ಣ. ಹಿಂಡನ್ನು ಬೀಗರಿಗೆ ಒಪ್ಪಿಸಿ, ನನ್ನನ್ನು ಕೇಳಿಕೊಂಡು ಬಂದಿದ್ದ.

"ಫೋನ್ಯಾಗ ಎಲ್ಲಾರೂ ಚಂದ ಅದಾನ ಅಂತಾರ್ರಿ. ಚಂದ ಇಲ್ದಾಗೂ ಹಂಗೇ ಅಂತಾರ. ನೀವ್ ಒಳಗ ನೋಡೀರಂತ. ಖರೇ ಹೇಳ್ರಿ, ಅದಾನೇನ್ರಿ?"

ವಾರ್ಡಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಅವನ ಕೈಗೆ ಕೊಟ್ಟೆ. ಅಲ್ಲಿ ಅವನ ತಮ್ಮ, ಮಂಚದ ಮೇಲೆ ಕೂತು ಗಂಜಿ ಕುಡಿಯುತ್ತಿದ್ದ. ಅಣ್ಣನ ಮುಖ ಕಂಡು ಬಟ್ಟಲು ಕೆಳಗಿಟ್ಟ. ತಮ್ಮನೇ ಮೊದಲು ಕೇಳಿದ, "ಕುರಿ ಎಲ್ಲಿಗಿ ಬಂದಾವ?" ಅಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬಂದಾವ ಬಾ," ಎಂದಷ್ಟೇ ಹೇಳಿದ.

ಕೆಲವು ವಾರ ಕಳೆದ ಮೇಲೆ ನಾರಾಯಣಖೇಡಕ್ಕೆ ಒಬ್ಬ ಯುವತಿ ಬಂದಳು. ಆ ಕುರಿ ಕಾಯುವವನ ಊರಿನವಳಂತೆ. ಮಂಚದ ಮೇಲೆ ಮಲಗಿ ಸೀರೆ ಸರಿಸಿದಾಗ ಹೊಕ್ಕುಳ ಸುತ್ತ ದುಂಡನೆಯ ಗುರುತು ಕಂಡಿತು. ಈಗೀಗ ನಾನು ದೀಪ ಆರಿಸುವ ಮೊದಲು ಚರ್ಮ ನೋಡುತ್ತೇನೆ. ಬಲಕ್ಕೆ ನೋಡಿದೆ, ಏನಿಲ್ಲ. ಪಕ್ಕೆಗೆ ತಿರುಗಿಸಿ ನೋಡಿದೆ, ಅಲ್ಲೂ ಇಲ್ಲ.

"ಬಟ್ಟಿ ಸರದಿತ್ತೇನವ್ವ?"

"ಹೌದ್ರಿ."

"ಒಂದೇ ಸಲ ಹಾಕ್ಯಾಳೇನು ಆಯಿ?"

"ಒಂದೇ ಸಲ್ರಿ. ಬ್ಯಾನಿ ಬಲಕ್ ಬಂತು ಅಂದ ಕೂಡ್ಲೆ ತಂಬಿಗಿ ಕೆಳಗ ಇಟ್ಟು ಎದ್ದೇ ಬಿಟ್ಟಳ್ರಿ. ಬಲಕ್ ಹೋದ ಬಟ್ಟಿ ನಂದಲ್ಲ, ಖೇಡದಾಗಿನ ಫೋಟೋ ಮೇಡಂದು, ಅಲ್ಲಿಗಿ ನಡಿ ಅಂದಳು."

ನಾನು ದೀಪ ಆರಿಸಿ, ಸಣ್ಣ ಪ್ರೋಬನ್ನೇ ಮೊದಲು ಕೈಗೆ ತೆಗೆದುಕೊಂಡೆ.